ಮುತ್ತವ್ವನ ಸರದಿ

ಬೆಳಗಿನ ಪ್ರಾರ್ಥನೆಯಲ್ಲಿ ಮುತ್ತವ್ವನ ಸರದಿ ಬಂದಾಗ ಏನೂ ಕೇಳಿಸಲಿಲ್ಲ. ಮಕ್ಕಳೆಲ್ಲ ಗೋಡೆಗುಂಟ ಚಕ್ಕಳಮಕ್ಕಳ ಹಾಕಿ ಕೂತು ಒಬ್ಬರಾದ ಮೇಲೆ ಒಬ್ಬರು ಒಂದೊಂದು ಸಾಲು ಹೇಳುವುದು, ಅನಾಥ ಮತ್ತು ಬಡ ಮಕ್ಕಳನ್ನು ಇಟ್ಟುಕೊಂಡಿದ್ದ ಆ ಮಕ್ಕಳ ಮನೆಯ ಪದ್ಧತಿ. ದೇವರೇ ನಮ್ಮಪ್ಪನ ಕಾಲು ವಾಸಿ ಮಾಡು, ದೇವರೇ ಗಣಿತದಲ್ಲಿ ಪಾಸು ಮಾಡು, ದೇವರೇ ನಮ್ಮಜ್ಜಿ ಈ ಸಲವಾದರೂ ಬರಲಿ. ಸಾಲುಗಳು ದಿನವೂ ಅವೇ. ವಾರದಿಂದ ಅಲ್ಲಿ ಅತಿಥಿಯಾಗಿದ್ದು ಕೇಳಿ ಕೇಳಿ ಯಾರಾದ ಮೇಲೆ ಯಾರು, ಯಾರು ಏನು ಬೇಡುತ್ತಾರೆ ಎಂಬುದು ದೀನಮಣಿಗೆ ಬಾಯಿಪಾಠವಾಗಿಬಿಟ್ಟಿತ್ತು. ಕಿಟಕಿಯ ಕೆಳಗೆ ಕೂರುವ ತೊದಲು ಮಾತಿನ ಹುಡುಗನಾದ ಮೇಲೆ ಮುತ್ತವ್ವ. ‘ದೇವರೇ, ನಮ್ಮವ್ವನ್ನ ನಿನ್ನ ಮನ್ಯಾಗ ಚಲೋತ್ನಾಗಿ ಇಟ್ಕೋ’ ಎನ್ನಬೇಕು ಅವಳು. ಹುಡುಗ ತನ್ನದನ್ನು ಮುಗಿಸಿದ. ಆಮೇಲೆ ಫ್ಯಾನಿನ ಸದ್ದು, ಅಡುಗೆಮನೆಯಲ್ಲಿ ಅಂಜಮ್ಮ ಸಾಸಿವೆ ಸಿಡಿಸಿದ ಸದ್ದು. ದೀನಮಣಿ ಕಣ್ಣು ಮುಚ್ಚಿಕೊಂಡೇ ಕಾದಳು. ಈಗ ಹೇಳುತ್ತಾಳೆ, ಗಂಟಲು ಸರಿಮಾಡಿಕೊಳ್ಳುತ್ತಿದ್ದಾಳೆ, ಈಗ ಹೇಳುತ್ತಾಳೆ. ಕೊನೆಗೆ ಮುತ್ತವ್ವನ ಆಚೆ ಕೂತಿದ್ದ ಹುಡುಗಿ ತನ್ನ ಸಾಲು ಶುರುಮಾಡಿದಳು, ಅಲ್ಲಿಂದ ಅದು ಎಂದಿನಂತೆ ಮುಂದಕ್ಕೆ ಹೋಯಿತು. ತಾನು ಆ ಮಗುವಿನ ಬಾಯಿಂದ ಇದ್ದೊಂದು ಸಾಲನ್ನೂ ಕಿತ್ತುಕೊಂಡೆ ಎಂದು ದೀನಮಣಿಗೆ ಆಗ ತಿಳಿಯಿತು. ನಿನ್ನೆ ಸಂಜೆಯಿಂದ ಎದೆಯಲ್ಲಿ ಏನೋ ಕಸಿವಿಸಿ ಇದ್ದದ್ದು ನಿಜ, ಆದರೆ ಅದಕ್ಕೆ ಇಂಥದೇ ಎಂಬ ಆಕಾರ ಬಂದದ್ದು ಈಗಲೇ.

ಉಪ್ಪಿಟ್ಟಿನ ತಟ್ಟೆ ಹಿಡಿದು ಜಗಲಿಯ ಮೇಲೆ ಕೂತಾಗ ಸಂಪತ್ ಬಂದು ಪಕ್ಕದಲ್ಲಿ ಕೂತ. ರಾಜಾಜಿನಗರದ ಅವರ ಕ್ರೈಸ್ತ ಸಭೆಯಲ್ಲಿ ಯುವಜನರ ಮುಖಂಡ ಅವನು, ಈ ಏರ್ಪಾಡೆಲ್ಲ ಅವನದೇ. ಮಿಷನ್ ಟ್ರಿಪ್ ಎಂದು ಹೆಸರಿಟ್ಟು, ಎಲ್ಲರಿಗೂ ನೀಲಿ ಟೀ ಶರ್ಟು ಮಾಡಿಸಿ, ಬೆನ್ನಿಗೆ ದಪ್ಪ ದಪ್ಪ ಚೀಲ ಹೊರಿಸಿ, ಆಫ್ರಿಕಾಕ್ಕೆ ಹೊರಟವರ ಹಾಗೆ ಟೆಂಪೋ ಟ್ರಾವೆಲರ್ ಮುಂದೆ ಫೋಟೊ ತೆಗೆಸಿ ಕರೆತಂದದ್ದು ಎಲ್ಲಿಗೆ ಎಂದರೆ ಕೆಂಗೇರಿಯ ಆಚೆಗೆ. ಮೆಟ್ರೊ ಹತ್ತಿದ್ದರೆ ಕಡಲೆಕಾಯಿ ಪೊಟ್ಟಣ ಖಾಲಿಯಾಗುವುದರೊಳಗೆ ಬಂದಿಳಿಯಬಹುದಾಗಿತ್ತು. ದೀನಮಣಿಯೂ ಆ ಟೀ ಶರ್ಟನ್ನು ಸೀರೆಯ ಮೇಲೆ ಹಾಕಿಕೊಂಡು ಫೋಟೊಕ್ಕೆ ನಿಂತಿದ್ದಳು, ಎಲ್ಲರಿಗಿಂತ ಮುಂದೆ. ‘ಆಂಟಿ, ನಿನ್ನೆ ಪ್ರೇಯರ್ ಸೂಪರ್ ಆಂಟಿ’ ಎಂದ ಸಂಪತ್, ಬಾಯಲ್ಲಿ ಉಪ್ಪಿಟ್ಟು ಇಟ್ಟುಕೊಂಡೇ. ‘ನಂಗಂತೂ ಕಣ್ಣಲ್ಲಿ ನೀರು ಬಂದ್ಬಿಡ್ತು. ಅಯ್ಯನವರೂ ಹೇಳ್ತಾ ಇದ್ರು, ದೀನಮಣಿ ಅವರ ಬಾಯಿಗೆ ಅಭಿಷೇಕ ಇದೆ ಅಂತ.’ ಅಯ್ಯನವರೆಂದರೆ ಸಭೆಯ ಪಾಸ್ಟರು. ನಿನ್ನೆಯ ಸಮಾರೋಪಕ್ಕೆಂದೇ ಬಂದು ರಾತ್ರಿ ಇಲ್ಲೇ ಉಳಿದಿದ್ದರು. ದೀನಮಣಿ ‘ಹ್ಞೂಂ’ ಎಂದಳು.

ಬಾಯಿಗೆ ಅಭಿಷೇಕ. ಅವಳ ಮಾತಿಗೆ ದೇವರ ವರವಿದೆ ಎನ್ನುವುದು ಹೊಸದೇನಲ್ಲ, ಹಿಂದೆಯೂ ಎಷ್ಟೋ ಜನ ಹೇಳಿದ್ದರು. ಅವಳಿಗೆ ಹಾಡಲು ಬಾರದು, ಸಂಡೇ ಸ್ಕೂಲಿನಲ್ಲಿ ಪಾಠ ಹೇಳುವಷ್ಟು ತಾಳ್ಮೆಯಿಲ್ಲ. ಗಂಡ ತೀರಿಕೊಂಡ ಮೇಲೆ ಸಭೆಯಲ್ಲಿ ಒಂಟಿ ಹೆಂಗಸರು ಕೂರುವ ಕಡೆಯ ಬೆಂಚಿನಲ್ಲಿ ಕೂತು ಯಾರ ಕಣ್ಣಿಗೂ ಬೀಳದೆ ಇದ್ದವಳು ಒಂದು ಮನೆಕೂಟದಲ್ಲಿ ಅಕಸ್ಮಾತ್ತಾಗಿ ಪ್ರಾರ್ಥನೆಗೆ ನಿಂತಳು, ಮಾತು ತಾನಾಗಿ ಬಂತು. ಅಂದಿನಿಂದ ಯಾರ ಮನೆಯಲ್ಲಿ ಕಾಯಿಲೆಯಾದರೂ, ಯಾರ ಮಗನಿಗೆ ಕೆಲಸ ಹೋದರೂ ದೀನಮಣಿ ಅಕ್ಕನನ್ನು ಕರೆಯಿರಿ ಎನ್ನುವಂತಾಯಿತು. ಜನರ ಕಷ್ಟವನ್ನು ಅವರವರ ಹೆಸರು ಹಿಡಿದು, ವಿವರ ಬಿಡದೆ ದೇವರ ಮುಂದೆ ಇಡಬೇಕು ಎಂಬುದು ಅವಳ ರೀತಿ. ದೇವರಿಗೆ ವಿವರ ಬೇಕಿತ್ತೋ ಇಲ್ಲವೋ, ಸುತ್ತ ಕೂತವರಿಗೆ ಬೇಕಿತ್ತು. ವಿವರ ಬಂದ ಕೂಡಲೇ ಕೋಣೆಯಲ್ಲಿ ‘ಸ್ತೋತ್ರ, ಸ್ತೋತ್ರ’ ಎಂಬ ಪಿಸುದನಿ ಏಳುತ್ತಿತ್ತು, ಯಾರೋ ಮೂಗೆಳೆಯುತ್ತಿದ್ದರು. ಆ ಮೂಗೆಳೆಯುವ ಸದ್ದು ಕೇಳಿದರೆ ಅವಳ ಒಳಗೆ ಬೆಚ್ಚಗಾಗುತ್ತಿತ್ತು. ಅದು ಪವಿತ್ರಾತ್ಮ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು.

ನಿನ್ನೆ ಸಂಜೆ ಹಾಗೆ ಏನೂ ಬರಲಿಲ್ಲ. ಅದೇ ತಪ್ಪಾದದ್ದು. ಮುಕ್ತಾಯದ ಪ್ರಾರ್ಥನೆಗೆ ಅಯ್ಯನವರು ಅವಳ ಹೆಸರು ಕರೆದಾಗ ಎದ್ದು ನಿಂತು ಕಣ್ಣು ಮುಚ್ಚಿದಳು. ಊಟಕ್ಕಾಗಿ ವಂದನೆ ಹೇಳಿದಳು, ಅಡುಗೆಯ ಅಂಜಮ್ಮನಿಗಾಗಿ, ವಾರ್ಡನ್ ಜಗದಾಂಬಾಗಾಗಿ, ಸಂಪತ್‌ನ ಶ್ರಮಕ್ಕಾಗಿ ವಂದನೆ ಹೇಳಿದಳು. ಎಲ್ಲರೂ ವಾರವೆಲ್ಲ ದಣಿದಿದ್ದವರು. ಯಾರೋ ಕೆಮ್ಮಿದರು, ಯಾರದೋ ಫೋನು ಗುರುಗುಟ್ಟಿತು, ಒಂದು ‘ಸ್ತೋತ್ರ’ವೂ ಏಳಲಿಲ್ಲ. ಅಯ್ಯನವರು ಎದುರಿಗೇ ಕೂತಿದ್ದಾರೆ, ತನ್ನ ಮಾತು ಒಣಕಲಾಗುತ್ತಿದೆ ಎಂದು ಅವಳಿಗೆ ಗಾಬರಿಯಾಯಿತು. ಕೈಗೆ ಏನಾದರೂ ಸಿಕ್ಕೀತೇ ಎಂದು ಕತ್ತಲಲ್ಲಿ ತಡಕಾಡುವ ಹಾಗೆ ತಡಕಾಡಿದಳು, ಸಿಕ್ಕಿತು. ‘ಕರ್ತನೇ, ಈ ಮಕ್ಕಳಲ್ಲಿ ಒಬ್ಬಳಾದ ಮುತ್ತವ್ವಳನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ. ಹೆತ್ತ ತಾಯಿ ಇಲ್ಲೇ ನಾಯಂಡಹಳ್ಳಿಯಲ್ಲಿ, ಗುಜರಿ ಗೋಡೌನಿನಲ್ಲಿ ದುಡಿಯುತ್ತಿದ್ದೂ ಈ ಮಗುವಿನ ಪಾಲಿಗೆ ಸತ್ತಿದ್ದಾಳೆ ತಂದೆಯೇ. ಬೀದಿಯಲ್ಲಿ ಕಣ್ಣಾರೆ ಕಂಡರೂ ಮುಖ ತಿರುಗಿಸಿದಳಲ್ಲ ತಂದೆಯೇ. ಆ ಕಲ್ಲು ಹೃದಯವನ್ನು ಕರಗಿಸು.’ ಆಗ ಎದ್ದಿತು, ‘ಸ್ತೋತ್ರ, ಸ್ತೋತ್ರ’. ಹಿಂದಿನ ಸಾಲಿನಲ್ಲಿ ಯಾರೋ ಮೂಗೆಳೆದರು. ಒಳಗೆ ಬೆಚ್ಚಗಾಯಿತು. ಆ ಹೊತ್ತಿನಲ್ಲಿ ತನಗೆ ಸಂತೋಷವೇ ಆಗಿತ್ತು ಎಂಬುದನ್ನು ನೆನೆದರೆ ಅವಳಿಗೆ ಈಗ ತನ್ನ ಮೇಲೆಯೇ ಅಸಹ್ಯವಾಗುತ್ತದೆ. ಆಮೆನ್ ಎಂದು ಕಣ್ಣು ಬಿಟ್ಟಳು. ದೊಡ್ಡವರೆಲ್ಲ ಇನ್ನೂ ಕಣ್ಣು ಮುಚ್ಚಿಕೊಂಡಿದ್ದರು. ಮಕ್ಕಳು ಮುಚ್ಚಿರಲಿಲ್ಲ. ಅವರೆಲ್ಲ ಮುತ್ತವ್ವನನ್ನೇ ನೋಡುತ್ತಿದ್ದರು. ಮುತ್ತವ್ವ ಹರಿದ ಚಾಪೆಯ ಒಂದು ಎಳೆಯನ್ನು ಕಾಲಿನ ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡಿದ್ದಳು.

‘ಏ, ನಿಮ್ಮಮ್ಮ ಸತ್ತೋಗಿಲ್ವಾ?’ ಎಂದು ಪಕ್ಕದ ಹುಡುಗಿ ಕೇಳಿದಳು. ಕೊಂಕೇನೂ ಇರಲಿಲ್ಲ ಅದರಲ್ಲಿ, ನಿಜವಾದ ಆಶ್ಚರ್ಯ. ‘ಮತ್ತೆ ದಿನಾ ನಿನ್ ಮನೇಲಿ ಇಟ್ಕೋ ಅಂತಿದ್ಯಲ್ಲ, ದೇವ್ರಿಗೇ ಸುಳ್ ಹೇಳ್ತಿದ್ಯಾ?’ ಮುತ್ತವ್ವ ಎದ್ದು, ತನ್ನ ಪಾಳಿಯಲ್ಲದಿದ್ದರೂ, ಎಲ್ಲರ ಲೋಟಗಳನ್ನು ಒಂದರೊಳಗೊಂದು ಜೋಡಿಸಿಕೊಂಡು ಹಿತ್ತಲಿನ ನಲ್ಲಿಯ ಕಡೆ ಹೋದಳು. ಆ ಮನೆಯಲ್ಲಿ ತಾಯಿ ಸತ್ತ ಮಕ್ಕಳಿಗೆ ಒಂದು ಮರ್ಯಾದೆ ಇತ್ತು. ಭೇಟಿಯ ಭಾನುವಾರ ಉಳಿದವರೆಲ್ಲ ಗೇಟಿನ ಹತ್ತಿರ ನಿಂತು ಕತ್ತು ನೀಳ ಮಾಡುವಾಗ ಅವರು ನಿಶ್ಚಿಂತೆಯಿಂದ ಕುಂಟೆಬಿಲ್ಲೆ ಆಡಬಹುದಿತ್ತು. ಯಾರೂ ಅವರನ್ನು ನಿಮ್ಮಮ್ಮ ಯಾಕೆ ಬರಲಿಲ್ಲ ಎಂದು ಕೇಳುವ ಹಾಗಿರಲಿಲ್ಲ. ಮುತ್ತವ್ವ ಆ ಮರ್ಯಾದೆಯನ್ನು ತನಗೆ ತಾನೇ ಕಟ್ಟಿಕೊಂಡಿದ್ದಳು, ದಿನಕ್ಕೊಂದು ಸಾಲಿನಂತೆ.

ಅವಳು ದೀನಮಣಿಯ ಪಾಲಿನ ಮಗು. ಬಂದ ದಿನವೇ ಜಗದಾಂಬಾ ಒಬ್ಬೊಬ್ಬ ಅತಿಥಿಗೂ ಒಂದೊಂದು ಮಗುವನ್ನು ಜೊತೆ ಮಾಡಿ, ಬಚ್ಚಲು ಎಲ್ಲಿ, ಕುಡಿಯುವ ನೀರು ಎಲ್ಲಿ, ಯಾವ ನಾಯಿ ಕಚ್ಚುತ್ತದೆ, ಯಾವುದು ಸುಮ್ಮನೆ ಬೊಗಳುತ್ತದೆ ಎಂದು ತೋರಿಸಲು ಬಿಟ್ಟಿದ್ದಳು. ಬರುವಾಗ ಕೈಹಿಡಿದು ಒಳಗೆ ಕರೆದುಕೊಂಡ ಮಗುವೇ ಹೋಗುವಾಗ ಅತಿಥಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸಬೇಕು. ಅದು ಅಲ್ಲಿಯ ವಾಡಿಕೆ. ಬಂದವರೇ ಯಾವಾಗಲೂ ಆಶೀರ್ವದಿಸಿ ಹೋಗುವುದು ಯಾಕೆ, ಮಕ್ಕಳ ಕೈಗೂ ಏನಾದರೂ ಕೊಡುವ ಅವಕಾಶ ಇರಲಿ ಎಂದು ಯಾರೋ ಹಿಂದಿನವರು ಹಾಕಿಕೊಟ್ಟದ್ದು. ಮುತ್ತವ್ವ ಕನ್ನಡಕದ ಹುಡುಗಿ, ಹತ್ತೋ ಹನ್ನೊಂದೋ ಇರಬೇಕು, ಊರು ಯಾದಗಿರಿಯ ಕಡೆ. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಬಂದವರು, ಅಪ್ಪ ಎಲ್ಲಿಗೋ ಹೋದ. ಅವಳು ದೀನಮಣಿಯ ತಲೆ ಬಾಚುವುದನ್ನು ತನ್ನ ಕೆಲಸ ಮಾಡಿಕೊಂಡಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಾನು ಕೂತು, ದೀನಮಣಿಯನ್ನು ಕೆಳಗೆ ಕೂರಿಸಿಕೊಂಡು, ಬಿಳಿ ಕೂದಲನ್ನು ಒಳಗೆ ಹಾಕಿ ಕರಿಯದನ್ನು ಮೇಲೆ ತಂದು ಹೆಣೆಯುತ್ತಿದ್ದಳು. ಮುಖ ಕಾಣುವುದಿಲ್ಲವಲ್ಲ, ಮಾತು ಸಲೀಸು. ಹಾಗೆ ಹೆಣೆಯುತ್ತಲೇ ಒಂದು ಮಧ್ಯಾಹ್ನ ಹೇಳಿದ್ದಳು.

‘ನಮ್ಮವ್ವ ಸತ್ತಿಲ್ರಿ ಅಕ್ಕಾರ. ನಾಯಂಡಹಳ್ಳ್ಯಾಗ ಗುಜರಿ ಆರಸ್ತಾಳ. ಕನ್ನಡಕ ಕೊಡಿಸಾಕ ದವಾಖಾನಿಗೆ ಕರ್ಕೊಂಡು ಹೋಗಿದ್ರಲ್ರಿ, ಬರೂವಾಗ ಸಿಗ್ನಲ್ದಾಗ ವ್ಯಾನ್ ನಿಂತಿತ್ತು. ಹೊಸಾ ಕನ್ನಡಕ. ಎಲ್ಲಾ ಚಂದ ಕಾಣ್ತಿತ್ರಿ. ಆಕಿ ಕಂಡ್ಳು. ಬಗಲಾಗ ಇನ್ನೊಂದು ಕೂಸಿತ್ತು. ನನ್ನ ನೋಡಿದ್ಳು, ಮಾರಿ ತಿರುವಿದ್ಳು.’ ಜಡೆಯನ್ನು ಇನ್ನೊಂದು ಸುತ್ತು ಹೆಣೆದಳು. ‘ಆಕಿ ಗಂಡಗ ನಾ ಇರೋದು ಗೊತ್ತಿಲ್ಲಂತ. ಯಾರ ಮುಂದನೂ ಹೇಳಬ್ಯಾಡ್ರಿ ಮತ್ತ.’

‘ಇಲ್ಲ ಕಣೇ, ಯಾರಿಗೂ ಹೇಳಲ್ಲ’ ಎಂದಿದ್ದಳು ದೀನಮಣಿ. ಆ ಮಾತನ್ನು ಮನಸಾರೆ ಹೇಳಿದ್ದಳು, ಅದರಲ್ಲಿ ಅನುಮಾನವಿಲ್ಲ. ಅಷ್ಟೇ ಅಲ್ಲ, ಮಗು ಅಷ್ಟು ಹೇಳಿದ ಮೇಲೆ ತಾನು ಬಾಯಿ ಮುಚ್ಚಿಕೊಂಡಿರುವುದು ಮೋಸ ಎನ್ನಿಸಿ, ಯಾರ ಮುಂದೆಯೂ ಆಡದ ಮಾತನ್ನು ಆಡಿದ್ದಳು. ತನಗೊಬ್ಬ ಮಗಳಿದ್ದಾಳೆ, ಸ್ಮೃತಿ ಎಂದು. ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾಳೆ ಎಂದು ಸಭೆಯಲ್ಲಿ ಎಲ್ಲರೂ ತಿಳಿದಿದ್ದಾರೆ. ಇರುವುದು ಬಸವೇಶ್ವರನಗರದಲ್ಲಿ, ತನ್ನ ಮನೆಯಿಂದ ಆಟೋದವರೂ ಬರಲು ಗೊಣಗುವಷ್ಟು ಹತ್ತಿರ. ಮಾತಾಡುವುದಿಲ್ಲ. ಅವಳಿಗೊಂದು ಮಗುವಾಗಿದೆ ಎಂದು ಮೊಸರಿನ ಬೂತಿನವನು ಹೇಳಿದ್ದರಿಂದ ಗೊತ್ತಾಯಿತು, ಗಂಡೋ ಹೆಣ್ಣೋ ಅವನಿಗೆ ನೆನಪಿರಲಿಲ್ಲ. ಮುತ್ತವ್ವ ಇದನ್ನೆಲ್ಲ ಕೇಳಿಸಿಕೊಂಡು ಜಡೆಯ ತುದಿಗೆ ರಬ್ಬರ್ ಬ್ಯಾಂಡ್ ಹಾಕಿದಳು. ‘ಹೈದರಾಬಾದ್ ಅಂದ್ರ ಯಾವಾಗ ಬರ್ತಾಳ, ಫೋನ್ ಮಾಡ್ತಾಳೋ ಇಲ್ಲೋ ಅಂತ ಕೇಳ್ತಾರ್ರಿ’ ಎಂದಳು. ‘ಸತ್ತಾಳಂತ ಅಂದುಬಿಟ್ರ ಯಾರೂ ಮುಂದ ಕೇಳಂಗಿಲ್ಲ.’ ದೀನಮಣಿಗೆ ನಗು ಬಂತು. ನಕ್ಕಳು, ನಗುತ್ತಲೇ ಅಳು ಬಂದು ಸೆರಗು ಬಾಯಿಗಿಟ್ಟುಕೊಂಡಳು. ‘ನಾನೂ ಯಾರ ಮುಂದನೂ ಹೇಳಂಗಿಲ್ರಿ’ ಎಂದು ಮುತ್ತವ್ವ ಹಿಂದಿನಿಂದ ಅವಳ ಭುಜ ತಟ್ಟಿದ್ದಳು, ದೊಡ್ಡವರು ತಟ್ಟುವ ಹಾಗೆ.

ಯಾರಿಗೂ ಹೇಳಲ್ಲ ಎಂದವಳು ಹೇಗೆ ಹೇಳಿದಳು? ದೇವರ ಮುಂದೆ ಹೇಳಿದ್ದು ತಾನೇ, ಜನರ ಮುಂದೆ ಹೇಳಿದ್ದಲ್ಲವಲ್ಲ ಎಂದು ರಾತ್ರಿ ಮಲಗುವವರೆಗೂ ತನ್ನೊಳಗೆ ವಾದಿಸಿದ್ದಳು. ಇದೇ ವಾದವನ್ನು ಹಿಂದೊಮ್ಮೆ ಸ್ಮೃತಿಯ ಎದುರು ನಿಂತು, ಇನ್ನೂ ಜೋರಾಗಿ ಮಾಡಿದ್ದಳು. ಅವಳು ಕಾಲೇಜಿನ ಗೆಳೆಯ ಗಿರಿರಾಜನ ವಿಷಯವನ್ನು ಅಮ್ಮನಿಗೆ ಹೇಳಿದ್ದು ಒಂದು ಶನಿವಾರ ಅವರೆಕಾಳು ಸುಲಿಯುತ್ತ ಕೂತಿದ್ದಾಗ. ಲಿಂಗಾಯತರ ಹುಡುಗ, ಅವರ ಮನೆಯಲ್ಲೂ ಇನ್ನೂ ಹೇಳಿಲ್ಲ, ನೀನು ಸದ್ಯಕ್ಕೆ ಯಾರಿಗೂ ಹೇಳಬೇಡಮ್ಮ. ಹೇಳಲಿಲ್ಲ ದೀನಮಣಿ, ಯಾರಿಗೂ ಹೇಳಲಿಲ್ಲ. ಮಾರನೆಯ ವಾರ ಹೆಂಗಸರ ಕೂಟದಲ್ಲಿ ದಾರಿ ತಪ್ಪುತ್ತಿರುವ ಮಗಳಿಗಾಗಿ ಕಣ್ಣೀರು ಸುರಿಸಿ ಪ್ರಾರ್ಥಿಸಿದಳು, ಅಷ್ಟೇ. ಸಂಜೆಗೆ ಅಯ್ಯನವರು ಮನೆಗೆ ಬಂದರು. ಅದಾದ ಮೇಲೆ ಗಿರಿರಾಜನ ಮನೆಗೂ ಯಾರೋ ಹೋದರು. ‘ಅಮ್ಮ, ನಿಂಗೇನಾದ್ರೂ ಹೇಳೋದೂ ಒಂದೇ, ಮೈಕ್ ಮುಂದೆ ಹೇಳೋದೂ ಒಂದೇ’ ಎಂದು ಸ್ಮೃತಿ ಬಟ್ಟೆ ತುಂಬಿಕೊಂಡಳು. ಕೂಗಾಡಲಿಲ್ಲ, ಅದೇ ಭಯವಾದದ್ದು. ಹೋದವಳು ಎಲ್ಲಿ ಎಂದು ಸಭೆಯಲ್ಲಿ ಕೇಳಿದಾಗ ಹೈದರಾಬಾದ್ ಎಂದು ಬಾಯಿಗೆ ಬಂತು. ದೇವರು ಪ್ರಾರ್ಥನೆ ಕೇಳಿ ಅವಳನ್ನು ಆ ಹುಡುಗನಿಂದ ಬಿಡಿಸಿ ದೂರ ಕರೆದೊಯ್ದ ಎಂದು ಒಂದು ಭಾನುವಾರ ಸಭೆಯ ಮುಂದೆ ನಿಂತು ಸಾಕ್ಷಿಯನ್ನೂ ಹೇಳಿಬಿಟ್ಟಳು. ಜನ ಚಪ್ಪಾಳೆ ತಟ್ಟಿದರು. ಮಗಳೇ ಕಲ್ಲು ಹೃದಯದವಳು ಎಂದು ದೀನಮಣಿ ಇಷ್ಟು ಕಾಲ ನಂಬಿದ್ದಳು, ಇವತ್ತು ಬೆಳಿಗ್ಗೆ ಆ ತೊದಲು ಮಾತಿನ ಹುಡುಗ ಮುಗಿಸಿ ಫ್ಯಾನಿನ ಸದ್ದು ಕೇಳಿಸುವವರೆಗೂ.

ತಟ್ಟೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದಳು. ಒಗೆಯುವ ಕಲ್ಲಿನ ಹತ್ತಿರ ಮುತ್ತವ್ವ ಇರಲಿಲ್ಲ. ಜಗದಾಂಬಾ ನಲ್ಲಿಯ ಕೆಳಗೆ ಬಕೆಟ್ಟು ಇಡುತ್ತಿದ್ದಳು. ನಡುವಯಸ್ಸಿನ ಹೆಂಗಸು, ನಿನ್ನೆಯಿಂದ ದೀನಮಣಿಯ ಜೊತೆ ಒಂದು ಮಾತೂ ಆಡಿರಲಿಲ್ಲ.

‘ಮುತ್ತವ್ವ ಎಲ್ಲಿ?’

‘ಮೇಲೆ ಬಟ್ಟೆ ಒಣಗಾಕ್ತಿದಾಳೆ. ಹೋಗ್ಬೇಡಿ ಮೇಡಂ.’

‘ನಾನು ಬೇಕು ಅಂತ ಮಾಡಿದ್ದಲ್ಲ ಜಗದಾಂಬಾ ಅವ್ರೇ.’

‘ಗೊತ್ತು.’ ಜಗದಾಂಬಾ ನಲ್ಲಿ ತಿರುಗಿಸಿದಳು. ‘ಅವಳಮ್ಮ ಇರೋದು ನಮಗೆ ಗೊತ್ತಿಲ್ದೇ ಇತ್ತಾ? ಇಲ್ಲಿಗೆ ತಂದು ಸೇರಿಸಿದ್ದೇ ಆ ಯಮ್ಮ. ಅಂಜಮ್ಮಂಗೂ ಗೊತ್ತು. ಸತ್ತೋಗಿದಾಳೆ ಅಂತ ಹೇಳ್ಕೊಂಡ್ರೆ ಹೇಳ್ಕೊಳ್ಲಿ ಬಿಡು ಅಂತ ಸುಮ್ಮನಿದ್ವಿ. ದೊಡ್ಡೋಳಾದ್ಮೇಲೆ ಅವಳೇ ಬದುಕಿಸ್ಕೊಳ್ತಾಳೆ ಅಂತ.’

ಹಿತ್ತಲಿನಿಂದ ತಲೆಯೆತ್ತಿದರೆ ತಾರಸಿಯ ತಂತಿಯ ಮೇಲೆ ಒಂದೊಂದೇ ಟವೆಲು ಬಂದು ಬೀಳುವುದು ಕಾಣುತ್ತಿತ್ತು, ಹಾಕುವ ಕೈ ಕಾಣುತ್ತಿರಲಿಲ್ಲ. ‘ಒಂದು ಸಲ ಕ್ಷಮೆ ಕೇಳ್ಬಿಡ್ತೀನಿ’ ಎಂದಳು ದೀನಮಣಿ.

‘ಕೇಳಿದ್ರೆ ಅವಳು ಪರವಾಗಿಲ್ರಿ ಅಂತಾಳೆ. ಇಲ್ಲಿ ಮಕ್ಕಳು ಎಲ್ಲಕ್ಕಿಂತ ಮೊದಲು ಕಲಿಯೋದೇ ಅದು. ನಿಮಗೆ ಹಗುರಾಗತ್ತೆ. ನೀವು ಮನೆಗೆ ಹೋಗ್ತೀರ. ಅವಳು ಇವತ್ತು ಸಂಜೆ ಮತ್ತೆ ಅದೇ ಚಾಪೆ ಮೇಲೆ ಅದೇ ಮಕ್ಕಳ ಮಧ್ಯೆ ಕೂರ್ಬೇಕು.’ ಬಕೆಟ್ಟು ತುಂಬಿತು. ಜಗದಾಂಬಾ ದನಿ ತಗ್ಗಿಸಿದಳು. ‘ಕಳಿಸೋ ಹೊತ್ತಿಗೆ ನಿಮಗೆ ಬೇರೆ ಮಗೂನ ಕೊಡ್ಲಾ?’

ಹ್ಞೂಂ ಎನ್ನುವುದು ನಾಲಗೆಯ ತುದಿಯವರೆಗೂ ಬಂದಿತ್ತು. ಯಾಕೆಂದು ಮರುಗಳಿಗೆಯೇ ತಿಳಿಯಿತು. ಮುತ್ತವ್ವನಿಗೆ ತನ್ನ ವಿಷಯ ಗೊತ್ತು. ಬಸವೇಶ್ವರನಗರ ಗೊತ್ತು, ಮೊಸರಿನ ಬೂತಿನವನು ಗೊತ್ತು. ಅಂಗಳದಲ್ಲಿ ಅಯ್ಯನವರು ಇರುತ್ತಾರೆ, ಸಂಪತ್ ಇರುತ್ತಾನೆ, ಸಾಕ್ಷಿಗೆ ಚಪ್ಪಾಳೆ ತಟ್ಟಿದವರೆಲ್ಲ ಇರುತ್ತಾರೆ. ಎಲ್ಲರೂ ಕಣ್ಣು ಮುಚ್ಚಿಕೊಂಡಿರುವಾಗ ಆ ಹುಡುಗಿ ತಲೆಯ ಮೇಲೆ ಕೈಯಿಟ್ಟು, ದೇವರೇ ಈ ಅಕ್ಕಾರ ಮಗಳು ಹೈದರಾಬಾದಿನಲ್ಲಿಲ್ಲ ಎಂದರೆ ತಡೆಯುವವರು ಯಾರು. ತನ್ನಿಂದಲೇ ಕಲಿತ ವಿದ್ಯೆ, ತನಗೇ ಒಪ್ಪಿಸಬಹುದು. ಒಂದು ಮಗುವಿನ ಬಾಯಿ ಕಟ್ಟಿಹಾಕಿ ಬಂದವಳಿಗೆ ಆ ಮಗುವಿಗಿಂತ ಮೊದಲು ತನ್ನ ಮಾನದ ಯೋಚನೆ ಬಂತಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ಭಯವೂ ಹಾಗೆಯೇ ಉಳಿಯಿತು, ಒಂದು ಇನ್ನೊಂದನ್ನು ಓಡಿಸಲಿಲ್ಲ.

‘ಬೇಡ’ ಎಂದಳು. ‘ಅವಳೇ ಬರ್ಲಿ.’

‘ಅದು ಅವಳಿಗೆ ಬಿಟ್ಟಿದ್ದು’ ಎಂದು ಜಗದಾಂಬಾ ಬಕೆಟ್ಟು ಎತ್ತಿಕೊಂಡು ಹೋದಳು.

ಅಂಗಳದಲ್ಲಿ ಜಮಖಾನ ಹಾಸಿದ್ದರು. ಟೆಂಪೋ ಟ್ರಾವೆಲರ್ ಗೇಟಿನ ಒಳಗೆ ಬಂದು ಮುಖ ತಿರುಗಿಸಿ ನಿಂತಿತ್ತು, ಡ್ರೈವರು ಗಾಜು ಒರೆಸುತ್ತಿದ್ದ. ನೀಲಿ ಟೀ ಶರ್ಟುಗಳೆಲ್ಲ ಸಾಲಾಗಿ ಮೊಣಕಾಲೂರಿದವು. ಕೆಲವು ಹುಡುಗಿಯರು ಆಗಲೇ ಅಳುತ್ತಿದ್ದರು, ಅಳುತ್ತಲೇ ಫೋನು ಹಿಡಿದು ಅದನ್ನೂ ತೆಗೆಯುತ್ತಿದ್ದರು. ದೀನಮಣಿಯ ಬಲಕ್ಕೆ ಅಯ್ಯನವರು ಕಷ್ಟಪಟ್ಟು ಮಂಡಿ ಮಡಿಸಿದರು. ಎದುರಿಗೆ ಒಂದೊಂದೇ ಮಗು ಬಂದು ತನ್ನ ತನ್ನ ಅತಿಥಿಯ ಮುಂದೆ ನಿಂತಿತು. ಅಯ್ಯನವರ ಮುಂದೆ ಆ ತೊದಲು ಮಾತಿನ ಹುಡುಗ. ದೀನಮಣಿಯ ಮುಂದೆ ಮಾತ್ರ ಜಮಖಾನದ ಕೆಂಪು ಪಟ್ಟೆ. ಬರುವುದಿಲ್ಲ ಅವಳು, ಬರದಿದ್ದರೇ ಒಳ್ಳೆಯದು, ಇಲ್ಲ, ಬರಲಿ, ಬಂದು ಎಲ್ಲರ ಮುಂದೆ ಹೇಳಲಿ, ಹೇಳಿಬಿಟ್ಟರೆ ಲೆಕ್ಕ ಸರಿಹೋಗುತ್ತದೆ, ಆಮೇಲೆ ಇಬ್ಬರೂ ಒಟ್ಟಿಗೆ ಅಳಬಹುದು. ಮಕ್ಕಳು ಒಂದು ತುದಿಯಿಂದ ಶುರುಮಾಡಿದರು. ದೇವರೇ ಈ ಅಣ್ಣನಿಗೆ ಒಳ್ಳೆ ಬೈಕು ಕೊಡು. ದೇವರೇ ಈ ಅಕ್ಕನಿಗೆ ಬೇಗ ಮದುವೆಯಾಗಲಿ. ಜನ ನಗುವನ್ನು ತಡೆದುಕೊಂಡು ಆಮೆನ್ ಎನ್ನುತ್ತಿದ್ದರು. ಅಯ್ಯನವರ ಹುಡುಗ ಇನ್ನೂ ತನ್ನ ಮಾತಿನೊಡನೆ ಒದ್ದಾಡುತ್ತಿರುವಾಗ ಮೆಟ್ಟಿಲಿನ ಕಡೆಯಿಂದ ಬರಿಗಾಲಿನ ಸದ್ದು ಬಂತು. ದೀನಮಣಿ ಕಣ್ಣು ಮುಚ್ಚಿಕೊಂಡಳು. ತಲೆಯ ಮೇಲೆ ಒಂದು ಕೈ ಬಂದು ಕೂತಿತು, ಒದ್ದೆಯಾಗಿ, ಬಟ್ಟೆ ಸೋಪಿನ ವಾಸನೆಯದು.

ಸರದಿ ಬಂತು. ಬೆಳಗಿನ ಹಾಗೆಯೇ ಏನೂ ಕೇಳಿಸಲಿಲ್ಲ. ಡ್ರೈವರು ಗಾಜು ಒರೆಸುವುದನ್ನು ನಿಲ್ಲಿಸಿದ್ದಿರಬೇಕು, ದೂರದ ಮೈಸೂರು ರಸ್ತೆಯ ಲಾರಿಗಳ ಸದ್ದು ಮಾತ್ರ ಬರುತ್ತಿತ್ತು.

‘ದೇವರೇ’ ಎಂದಳು ಮುತ್ತವ್ವ. ‘ಈ ಅಕ್ಕಾರನ್ನ ಚಲೋತ್ನಾಗಿ ಮನೀಗೆ ಮುಟ್ಟಿಸು.’

ಅಲ್ಲಿಗೆ ಮುಗಿಯಬೇಕಿತ್ತು. ಮಕ್ಕಳದು ಒಂದೇ ಸಾಲು. ಆದರೆ ಕೈ ಏಳಲಿಲ್ಲ. ಬೆರಳುಗಳು ಬೈತಲೆಯ ಹತ್ತಿರ, ದಿನವೂ ಬಿಳಿ ಕೂದಲನ್ನು ಒಳಗೆ ಹಾಕುತ್ತಿದ್ದ ಜಾಗದಲ್ಲಿ ಸ್ವಲ್ಪ ಅಲುಗಾಡಿದವು.

‘ಇವರ ಮಗಳು...’ ಎಂದಳು.

ದೀನಮಣಿ ಕಣ್ಣು ಬಿಟ್ಟಳು. ಎದುರಿಗೆ ಎರಡು ಸಣ್ಣ ಪಾದಗಳು, ಬೆರಳುಗಳ ಸಂದಿಯಲ್ಲಿ ಸೋಪಿನ ನೊರೆ ಒಣಗುತ್ತಿತ್ತು. ಪಕ್ಕದಲ್ಲಿ ಅಯ್ಯನವರ ಉಸಿರು ಕೇಳಿಸುತ್ತಿತ್ತು. ಹೇಳು ಮಗಳೇ, ಹೇಳಿಬಿಡು ಎಂದುಕೊಂಡಳು ದೀನಮಣಿ.

‘ಇವರ ಮಗಳು ಹೈದರಾಬಾದ್‌ನಾಗ ಅದಾಳ. ಆಕಿನ್ನ ಅಲ್ಲೇ ಚಲೋತ್ನಾಗಿ ಇಟ್ಕೋ. ಆಮೆನ್.’

ಆಮೆನ್ ಎಂದರು ಎಲ್ಲರೂ. ಅಯ್ಯನವರದೇ ಎಲ್ಲಕ್ಕಿಂತ ದೊಡ್ಡ ದನಿ. ದೀನಮಣಿ ಮುಖವೆತ್ತಿ ನೋಡಿದಳು. ಮುತ್ತವ್ವನೂ ಕಣ್ಣು ಮುಚ್ಚಿರಲಿಲ್ಲ. ಕನ್ನಡಕದ ಹಿಂದಿನ ಆ ಕಣ್ಣುಗಳಲ್ಲಿ ಸಿಟ್ಟು ಹುಡುಕಿದಳು, ಸಿಗಲಿಲ್ಲ. ಪ್ರೀತಿಯನ್ನೂ ಹುಡುಕಿದಳು. ಒಪ್ಪಿಕೊಂಡ ಕೆಲಸವನ್ನು ಮುಗಿಸಿದವರ ಮುಖವಾಗಿತ್ತು ಅದು, ಅಷ್ಟೇ. ಕೊಟ್ಟ ಮಾತನ್ನು ಹೀಗೆ ಇಟ್ಟುಕೊಳ್ಳಬೇಕು ಎಂದು ತೋರಿಸಿಕೊಡುವ ಉದ್ದೇಶವೂ ಅವಳಿಗೆ ಇದ್ದಿರಲಾರದು. ನಿನ್ನೆಯವರೆಗೂ ಬದುಕಿರುವ ತಾಯಿಯನ್ನು ಬಚ್ಚಿಡಲು ತಾನು ಉಪಯೋಗಿಸುತ್ತಿದ್ದ ಸಾಲು ಈಗ ಖಾಲಿ ಬಿದ್ದಿತ್ತು. ಅದನ್ನು ತೆಗೆದು ಇನ್ನೊಬ್ಬರ ಮಗಳಿಗೆ ಹೊದಿಸಿದ್ದಳು.

‘ಮುತ್ತವ್ವ’ ಎಂದಳು ದೀನಮಣಿ.

‘ಹೋಗಿ ಬರ್ರಿ ಅಕ್ಕಾರ’ ಎಂದು ಮುತ್ತವ್ವ ಕೈ ಒರೆಸಿಕೊಂಡಳು. ‘ಇನ್ನೂ ಒಂದು ಬಕೆಟ್ ಬಟ್ಟಿ ಐತ್ರಿ.’ ತಿರುಗಿ ಮೆಟ್ಟಿಲು ಹತ್ತಿ ಹೋದಳು. ಗಾಡಿ ಹೊರಟಾಗ ಉಳಿದ ಮಕ್ಕಳೆಲ್ಲ ಗೇಟಿನವರೆಗೂ ಓಡಿ ಬಂದು ಟಾಟಾ ಮಾಡಿದರು. ದೀನಮಣಿ ಹಿಂದಿನ ಗಾಜಿನಿಂದ ತಾರಸಿಯನ್ನೇ ನೋಡುತ್ತಿದ್ದಳು. ಟವೆಲುಗಳ ಪಕ್ಕ ಒಂದು ಪುಟ್ಟ ಲಂಗ ಬಂದು ಬಿತ್ತು, ಅದರ ಪಕ್ಕ ಇನ್ನೊಂದು.

‘ಆಂಟಿ, ಪ್ರಯಾಣಕ್ಕೆ ಒಂದು ಪ್ರೇಯರ್ ಮಾಡಿ’ ಎಂದು ಮುಂದಿನಿಂದ ಸಂಪತ್ ಕೂಗಿದ. ಅವನು ಕೂಗಿದ ಕೂಡಲೇ ಎಲ್ಲರ ತಲೆಗಳು ಬಾಗಿದವು. ದೀನಮಣಿ ಬಾಯಿ ತೆರೆದಳು. ಗಾಡಿ ರಸ್ತೆಯ ಹಳ್ಳ ಹಾರಿತು, ಮುಖ್ಯರಸ್ತೆಗೆ ಬಂತು, ಬಾಗಿದ ತಲೆಗಳು ಬಾಗಿಯೇ ಇದ್ದವು. ‘ಆ ಮಗು ಮಾಡಿದಾಳಲ್ಲಪ್ಪ’ ಎಂದಳು ಕೊನೆಗೆ. ‘ಮನೆಗೆ ಮುಟ್ಟಿಸು ಅಂತ. ಅಷ್ಟು ಸಾಕು.’ ಸಂಪತ್ ನಕ್ಕ, ತಾನೇ ನಾಲ್ಕು ಮಾತು ಹೇಳಿ ಮುಗಿಸಿದ. ಅವರೆಲ್ಲ ಹಾಡು ಶುರುಮಾಡಿದರು. ಜ್ಞಾನಭಾರತಿಯ ಹತ್ತಿರ ಯಾರೋ ಚಿಪ್ಸ್ ಹಂಚಿದರು. ನಾಯಂಡಹಳ್ಳಿಯ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅವಳು ಗಾಜಿಗೆ ಹಣೆ ಒತ್ತಿದಳು. ಮೆಟ್ರೊ ಕಂಬಗಳ ಆಚೆ ಗೋಡೌನುಗಳ ಸಾಲು, ಒಂದರ ಬಾಗಿಲಲ್ಲಿ ರಟ್ಟು, ಪ್ಲಾಸ್ಟಿಕ್ಕಿನ ರಾಶಿ, ರಾಶಿಯ ಸುತ್ತ ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸರು. ಒಬ್ಬಳ ಸೊಂಟದಲ್ಲಿ ಮಗುವಿತ್ತು. ಅವಳೇ ಇರಬಹುದು, ಅಲ್ಲದೆಯೂ ಇರಬಹುದು. ಆ ಹೆಂಗಸು ತಲೆಯೆತ್ತಿ ಗಾಡಿಯ ಕಡೆ ನೋಡಿದಾಗ ಮುಖ ತಿರುಗಿಸಿದವಳು ದೀನಮಣಿ. ಆಮೇಲೆ ಅಳು ತಡೆಯಲಾಗಲಿಲ್ಲ. ಮುಂದಿನ ಸೀಟಿನ ಹುಡುಗಿ ತಿರುಗಿ ನೋಡಿ, ಮಕ್ಕಳನ್ನು ಬಿಟ್ಟು ಬಂದ ದುಃಖ ಎಂದುಕೊಂಡು ತನ್ನ ಕರ್ಚೀಫು ಕೊಟ್ಟಳು.

ವಿಜಯನಗರ ದಾಟಿತು, ಹೊಸಹಳ್ಳಿ ದಾಟಿತು. ಒಬ್ಬಿಬ್ಬರು ಇಳಿದು ಹೋದರು. ಸಂಪತ್ ಮುಂದಿನಿಂದ ಎದ್ದು ಬಂದು ಅವಳ ಪಕ್ಕದ ಖಾಲಿ ಸೀಟಿನಲ್ಲಿ ಕೂತ. ‘ಆ ಮಗು ಎಷ್ಟು ಪ್ರೀತಿಯಿಂದ ಸ್ಮೃತಿಗೂ ಪ್ರೇ ಮಾಡ್ತು ನೋಡಿ ಆಂಟಿ’ ಎಂದ. ‘ನೀವು ಅಳೋದು ನೋಡಿ ನಂಗೇ ಒಂಥರಾ ಆಯ್ತು. ಹಬ್ಬಕ್ಕಾದ್ರೂ ಬರಕ್ಕೆ ಹೇಳಿ ಅವಳಿಗೆ.’ ಗಾಡಿ ಕಾರ್ಡ್ ರೋಡಿನಲ್ಲಿ ಹೋಗುತ್ತಿತ್ತು. ಎಡಕ್ಕೆ ಬಸವೇಶ್ವರನಗರಕ್ಕೆ ತಿರುಗುವ ರಸ್ತೆ ಬಂತು. ಮೂಲೆಯಲ್ಲಿ ಆ ಮೊಸರಿನ ಬೂತು ತೆರೆದಿತ್ತು, ಅದರ ಮುಂದೆ ಯಾರೋ ಒಬ್ಬಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಚಿಲ್ಲರೆಗೆ ಕಾಯುತ್ತಿದ್ದಳು. ಸ್ಮೃತಿಯಲ್ಲ. ಸ್ಮೃತಿ ಇಷ್ಟು ಎತ್ತರವಿಲ್ಲ. ಕೈ ತಾನಾಗಿ ಮುಂದಿನ ಸೀಟಿನ ಕಂಬಿ ಹಿಡಿಯಿತು, ಇಳಿಯುವವರು ಹಿಡಿಯುವ ಹಾಗೆ. ಇಲ್ಲಿ ಇಳಿಸಪ್ಪ ಎಂದರೆ ಎರಡು ಮಾತು ಸಾಕು. ಆದರೆ ಅಷ್ಟು ಜನರ ಮುಂದೆ ಆ ಮಗು ತಲೆಯ ಮೇಲೆ ಕೈಯಿಟ್ಟು ಹೇಳಿದ್ದನ್ನು ಸುಳ್ಳು ಮಾಡುವುದು ಹೇಗೆ. ಒಂದು ಸಲ ಅವಳನ್ನು ಸುಳ್ಳಿಯನ್ನಾಗಿ ಮಾಡಿ ಆಗಿದೆ.

‘ಆಂಟಿ?’ ಎಂದ ಸಂಪತ್.

ದೀನಮಣಿ ಕಂಬಿಯಿಂದ ಕೈ ತೆಗೆದಳು. ತಿರುವು ಹಿಂದೆ ಸರಿಯಿತು.

‘ದೂರ ಅಲ್ವೇನಪ್ಪ’ ಎಂದಳು. ‘ಅಷ್ಟು ದೂರದಿಂದ ಹೇಗೆ ಬರ್ತಾಳೆ.’